ಮೂಲಪಾಠ ಯಾವುದು? ಹಿರಿಯ ರಾಕ್ ತಂಡಗಳ ಧ್ವನಿಮುದ್ರಿಕೆ, ಕಛೇರಿ ಮತ್ತು ರಸಿಕರ ತೌಲನಿಕ ವಿವೇಚನೆ

ಕರ್ನಾಟಕ ಸಂಗೀತದ ಕೇಳುಗನಿಗೆ ಕಛೇರಿಯೇ ಕೃತಿಯ ನಿಜವಾದ ನೆಲೆ; ಧ್ವನಿಮುದ್ರಿಕೆ ಅದರ ನೆರಳು. ಗ್ರಾಮಫೋನಿನ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರು ಮೂರೂವರೆ ನಿಮಿಷ ಮಾತ್ರ. ಅಷ್ಟರೊಳಗೆ ಪಲ್ಲವಿಯಿಂದ ಚರಣದವರೆಗೆ ಅವಸರದಿಂದ ಸಾಗಬೇಕಾಗಿದ್ದ ವಿದ್ವಾಂಸರ ಕಷ್ಟವನ್ನು ಕೇಳುಗರು ಬಲ್ಲರು. ಆದುದರಿಂದ ಕಛೇರಿಯಲ್ಲಿ ಕೃತಿಯು ತಟ್ಟೆಯಲ್ಲಿದ್ದಂತೆ ಬರಲಿಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ಅದು ನಮಗೆ ವಿಚಿತ್ರವಾಗಿ ತೋರುತ್ತದೆ. ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ಈ ಸಂಬಂಧ ತಲೆಕೆಳಗಾಗಿದೆ. ಅಲ್ಲಿಯ ಅಭಿಮಾನಿ ಮುದ್ರಿಕೆಯನ್ನು ನೂರಾರು ಸಲ ಕೇಳಿ, ಗಾಯಕ ಉಸಿರೆಳೆದುಕೊಳ್ಳುವ ಸದ್ದನ್ನೂ ಕಂಠಸ್ಥ ಮಾಡಿಕೊಂಡು, ಅನಂತರ ಕಛೇರಿಗೆ ಹೋಗುತ್ತಾನೆ. ಅಲ್ಲಿ ಅವನ ಕಿವಿಗೆ ಬೀಳುವುದೆಲ್ಲ ಮೊದಲೇ ಬಲ್ಲ ಪಾಠವೊಂದರ ಪಾಠಾಂತರ. ಹೀಗಾಗಿ ಹಿರಿಯ ತಂಡಗಳ ಮುದ್ರಿಕೆಯನ್ನೂ ಕಛೇರಿಯನ್ನೂ ಎದುರುಬದುರು ಇಟ್ಟು ತೂಗಿನೋಡುವುದು ರಾಕ್ ರಸಿಕರ ನಡುವೆ ದೊಡ್ಡದೊಂದು ಚರ್ಚಾಪರಂಪರೆಯಾಗಿ ಬೆಳೆದಿದೆ. ಈ ಚರ್ಚೆಯನ್ನು ಕೇವಲ ಅಭಿಮಾನದ ಹರಟೆಯೆಂದು ತಳ್ಳಿಹಾಕದೆ, ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮುದ್ರಿಕೆಗೆ ಇಂತಹ ಪ್ರಾಮಾಣ್ಯ ದೊರೆತುದಕ್ಕೆ ತಾಂತ್ರಿಕ ಕಾರಣಗಳಿವೆ. ಟೇಪಿನ ಮೇಲೆ ಹಲವು ಪಥಗಳಲ್ಲಿ ಬೇರೆ ಬೇರೆ ವಾದ್ಯಗಳನ್ನು ಬೇರೆ ಬೇರೆ ವೇಳೆಯಲ್ಲಿ ಮುದ್ರಿಸಿ ಒಂದುಗೂಡಿಸುವ ವಿಧಾನ ಬಂದಮೇಲೆ, ಸ್ಟುಡಿಯೋದಲ್ಲಿ ಸಿದ್ಧವಾದ ಹಾಡು ಯಾವುದೋ ಒಂದು ಗಾಯನದ ದಾಖಲೆಯಾಗಿ ಉಳಿಯಲಿಲ್ಲ. ಅದು ಕಟ್ಟಿದ ವಸ್ತುವಾಯಿತು. ಬೀಟಲ್ಸ್ ತಂಡ 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತನ್ನ ಕೊನೆಯ ಪ್ರವಾಸಿ ಕಛೇರಿಯನ್ನು ನಡೆಸಿ ಸ್ಟುಡಿಯೋ ಸೇರಿತು. ಮರುವರ್ಷ ಹೊರಬಂದ ‘ಸಾರ್ಜೆಂಟ್ ಪೆಪ್ಪರ್ಸ್’ ಮುದ್ರಿಕೆಯ ಹಾಡುಗಳನ್ನು ಆ ನಾಲ್ವರು ಒಟ್ಟಾಗಿ ವೇದಿಕೆಯ ಮೇಲೆ ಎಂದೂ ನುಡಿಸಲಿಲ್ಲ. ಕ್ವೀನ್ ತಂಡದ್ದು ಇನ್ನೂ ಸ್ವಾರಸ್ಯಕರ. 1975ರ ‘ಬೊಹೀಮಿಯನ್ ರಾಪ್ಸಡಿ’ಯ ನಡುಭಾಗದಲ್ಲಿ ಬರುವ ಆಪೆರಾ ಮಾದರಿಯ ಗೋಷ್ಠಿಗಾಯನ ಕೆಲವೇ ಕಂಠಗಳನ್ನು ಮತ್ತೆ ಮತ್ತೆ ಒಂದರ ಮೇಲೊಂದು ಮುದ್ರಿಸಿ ರೂಪಿಸಿದ್ದು. ವೇದಿಕೆಯ ಮೇಲೆ ಅದು ಅಸಾಧ್ಯವಾದುದರಿಂದ ಆ ಭಾಗ ಬಂದಾಗ ಕಲಾವಿದರು ಒಳಗೆ ಸರಿಯುತ್ತಿದ್ದರು, ಟೇಪು ಹಾಡುತ್ತಿತ್ತು. ದಿ ಹೂ ತಂಡದ 1971ರ ‘ಬಾಬಾ ಓ’ರೈಲಿ’ ಮೊದಲಾದ ಹಾಡುಗಳಲ್ಲಿ ಮುನ್ಮುದ್ರಿತ ಯಂತ್ರವಾದ್ಯದ ಪಥಕ್ಕೆ ಇಡೀ ತಂಡ ಹೊಂದಿಕೊಳ್ಳಬೇಕಾಗಿತ್ತು. ಲಯದ ಕಟ್ಟುಪಾಡಿಗೆ ಸುಲಭವಾಗಿ ಒಗ್ಗದ ಡ್ರಮ್ಸ್ ವಾದಕ ಕೀತ್ ಮೂನ್ ಕಿವಿಗೆ ಹೆಡ್‌ಫೋನ್ ತೊಟ್ಟು ನುಡಿಸುತ್ತಿದ್ದರು. ಮುದ್ರಿಕೆಯು ವೇದಿಕೆಯನ್ನು ಆಳತೊಡಗಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಹೋಲಿಸುವ ರಸಿಕರು ಏನನ್ನು ಗಮನಿಸುತ್ತಾರೆ? ಮೊದಲನೆಯದು ವೇಗ. ಎಳೆಯ ವಯಸ್ಸಿನ ತಂಡಗಳು ವೇದಿಕೆಯ ಮೇಲೆ ಮುದ್ರಿಕೆಗಿಂತ ಬಿರುಸಾಗಿ ನುಡಿಸುವುದು ಸಾಮಾನ್ಯ. ಎರಡನೆಯದು ಶ್ರುತಿ. ಮೂರನೆಯದು, ಹೊರಗಿನವರು ಸಾಮಾನ್ಯವಾಗಿ ಗಮನಿಸದ ಅಂಶ, ಹಾಡಿನ ಮುಕ್ತಾಯ. ಅನೇಕ ಮುದ್ರಿಕೆಗಳಲ್ಲಿ ಹಾಡು ಮುಗಿಯುವುದೇ ಇಲ್ಲ. ಧ್ವನಿ ಕ್ರಮೇಣ ತಗ್ಗಿ ಮಾಯವಾಗುತ್ತದೆ. ವೇದಿಕೆಯ ಮೇಲೆ ಮಾಯವಾಗಲು ಬರುವುದಿಲ್ಲವಾದ್ದರಿಂದ ತಂಡ ಹೊಸದೊಂದು ಮುಕ್ತಾಯವನ್ನು ಕಟ್ಟಲೇಬೇಕು. ಈ ಹೊಸ ಮುಕ್ತಾಯಗಳು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾದವೆಂಬುದನ್ನು ಗುರುತಿಸಬಲ್ಲ ರಸಿಕರಿದ್ದಾರೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ ಈ ಕೆಲಸದ ಸ್ವರೂಪ ಅಪರಿಚಿತವೇನಲ್ಲ: ಪ್ರತಿಗಳ ಸಂಗ್ರಹ, ಅವುಗಳ ಪರಸ್ಪರ ಸಂಬಂಧದ ನಿರ್ಣಯ, ಪ್ರಕ್ಷೇಪಗಳ ಪತ್ತೆ.

ಇದಕ್ಕೆ ಡೀಪ್ ಪರ್ಪಲ್ ತಂಡದ ‘ಮೇಡ್ ಇನ್ ಜಪಾನ್’ ಮುದ್ರಿಕೆಗಿಂತ ಉತ್ತಮ ಉದಾಹರಣೆ ದೊರೆಯಲಾರದು. 1971ರ ಡಿಸೆಂಬರಿನಲ್ಲಿ ಈ ತಂಡ ಸ್ವಿಟ್ಜರ್ಲೆಂಡಿನ ಮಾಂಟ್ರೋ ನಗರಕ್ಕೆ ಹೋದುದು ಅಲ್ಲಿಯ ಕ್ಯಾಸಿನೋ ಸಭಾಂಗಣದಲ್ಲಿ ‘ಮಷೀನ್ ಹೆಡ್’ ಮುದ್ರಿಕೆಯನ್ನು ಸಿದ್ಧಪಡಿಸಲು. ಸ್ಟುಡಿಯೋದ ನಿರ್ಜೀವ ವಾತಾವರಣವನ್ನು ತಪ್ಪಿಸಿ ವೇದಿಕೆಯ ನಾದವನ್ನು ಹಿಡಿಯಬೇಕೆಂಬುದು ಅವರ ಹಂಬಲವಾಗಿತ್ತು. ಡಿಸೆಂಬರ್ 4ರಂದು ಫ್ರಾಂಕ್ ಜಪಾ ಅವರ ಕಛೇರಿ ನಡೆಯುತ್ತಿದ್ದಾಗ ಆ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಕೊನೆಗೆ ಬಹುಭಾಗ ಮುದ್ರಣ ನಡೆದುದು ಚಳಿಗಾಲಕ್ಕೆಂದು ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಓಣಿಗಳಲ್ಲಿ, ಹೊರಗೆ ನಿಲ್ಲಿಸಿದ್ದ ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೋದ ನೆರವಿನಿಂದ. ಆ ಬೆಂಕಿಯೇ ‘ಸ್ಮೋಕ್ ಆನ್ ದ ವಾಟರ್’ ಹಾಡಿನ ವಸ್ತುವಾಯಿತು. ಅಂದರೆ ಇಲ್ಲಿ ‘ಮೂಲ’ವೆನಿಸಿದ ಮುದ್ರಿಕೆಯೇ ವೇದಿಕೆಯನ್ನು ಅನುಕರಿಸಲು ಹೊರಟದ್ದು.

ಎಂಟು ತಿಂಗಳ ಬಳಿಕ, 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದಲ್ಲಿ, 17ರಂದು ಟೋಕಿಯೋದ ಬುಡೋಕಾನಿನಲ್ಲಿ ನಡೆದ ಕಛೇರಿಗಳನ್ನು ಮಾರ್ಟಿನ್ ಬರ್ಚ್ ಮುದ್ರಿಸಿದರು. ಜಪಾನಿನ ಮಾರುಕಟ್ಟೆಗೆಂದೇ ಯೋಚಿಸಿದ್ದ ಈ ಮುದ್ರಿಕೆ ಅದೇ ವರ್ಷದ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿಯೂ ಹೊರಬಂತು. ಎರಡು ತಟ್ಟೆಗಳು, ಏಳು ಹಾಡುಗಳು. ‘ಮಷೀನ್ ಹೆಡ್’ನಲ್ಲಿ ನಾಲ್ಕೂವರೆ ನಿಮಿಷವಿದ್ದ ‘ಸ್ಪೇಸ್ ಟ್ರಕಿನ್’ ಇಲ್ಲಿ ಇಪ್ಪತ್ತು ನಿಮಿಷದಷ್ಟು ಬೆಳೆದು ತಟ್ಟೆಯ ಒಂದು ಮಗ್ಗುಲನ್ನು ಪೂರ್ತಿ ಆಕ್ರಮಿಸಿತು. ಸ್ಟುಡಿಯೋದಲ್ಲಿ ಬಳಿಕ ಏನನ್ನೂ ಸೇರಿಸಿಲ್ಲವೆಂಬುದು ತಂಡದವರ ಹೆಮ್ಮೆಯಾಗಿತ್ತು. ಆದರೆ ಈ ಏಳರಲ್ಲಿ ನಾಲ್ಕು ಹಾಡುಗಳು 16ರ ರಾತ್ರಿಯವು, ಎರಡು 17ರವು, ‘ಸ್ಮೋಕ್ ಆನ್ ದ ವಾಟರ್’ ಮಾತ್ರ 15ರದು. ಹಾಗಾದರೆ ‘ಮೇಡ್ ಇನ್ ಜಪಾನ್’ ಯಾವ ಕಛೇರಿಯ ದಾಖಲೆ? ಯಾವುದರದೂ ಅಲ್ಲ. ಒಂದೊಂದು ಸ್ವರವೂ ನಿಜ, ಒಟ್ಟು ಕಛೇರಿ ಕಲ್ಪಿತ. ಹಲವು ಓಲೆಪ್ರತಿಗಳಿಂದ ಉತ್ತಮ ಪಾಠಗಳನ್ನು ಆಯ್ದು, ಯಾವ ಪ್ರತಿಯಲ್ಲಿಯೂ ಇಡಿಯಾಗಿ ಇಲ್ಲದ ಪಾಠವನ್ನು ಸಂಪಾದಕ ಸಿದ್ಧಪಡಿಸುವಂತೆಯೇ ಇದು. 1993ರಲ್ಲಿ ಮೂರು ರಾತ್ರಿಗಳ ಬಹುಭಾಗ ಮೂರು ಸಿಡಿಗಳಲ್ಲಿ ಪ್ರಕಟವಾದ ಮೇಲೆ ರಸಿಕರಿಗೆ ಸಂಪಾದಕನ ಆಯ್ಕೆಯನ್ನೇ ಪರೀಕ್ಷಿಸುವ ಅವಕಾಶ ದೊರೆಯಿತು.

ಇಲ್ಲಿ ಇನ್ನೊಂದು ತೊಡಕಿದೆ. ‘ಮಷೀನ್ ಹೆಡ್’ಗಿಂತ ಮೊದಲು ‘ಮೇಡ್ ಇನ್ ಜಪಾನ್’ ಕೇಳಿದವರು ಕಡಮೆಯಿಲ್ಲ. ಅವರಿಗೆ ಸ್ಟುಡಿಯೋದ ‘ಹೈವೇ ಸ್ಟಾರ್’ ಮಂದವಾಗಿ, ಎಲ್ಲಿಯೋ ತಡೆಹಿಡಿದಂತೆ ಕೇಳಿಸುತ್ತದೆ. ರಚನೆಯ ಕಾಲದಲ್ಲಿ ಯಾವುದು ಮೊದಲೆಂಬುದು ಕೇಳ್ಮೆಯ ಅನುಭವದಲ್ಲಿ ಯಾವುದು ಮೊದಲೆಂಬುದನ್ನು ನಿರ್ಣಯಿಸಲಾರದು. ‘ಮುದ್ರಿಕೆಯಲ್ಲಿದ್ದಂತೆ ಇಲ್ಲ’ ಎಂಬ ದೂರಿನಲ್ಲಿ ಎಷ್ಟೋ ಸಲ ‘ನಾನು ಮೊದಲು ಕೇಳಿದಂತೆ ಇಲ್ಲ’ ಎಂಬ ಅರ್ಥವೇ ಇರುತ್ತದೆ.

ಲೈವ್ ಮುದ್ರಿಕೆಗಳ ಸತ್ಯಾಸತ್ಯತೆಯ ಪ್ರಶ್ನೆ ಇದಕ್ಕೆ ಅಂಟಿಕೊಂಡಿದೆ. ಥಿನ್ ಲಿಜ್ಜಿ ತಂಡದ 1978ರ ‘ಲೈವ್ ಅಂಡ್ ಡೇಂಜರಸ್’ ಮುದ್ರಿಕೆಯ ಬಹುಪಾಲು ಸ್ಟುಡಿಯೋದಲ್ಲಿ ಮತ್ತೆ ನುಡಿಸಿದ್ದೆಂದು ಅದರ ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದ್ದಾರೆ. ತಂಡದ ಸದಸ್ಯರು ಅದನ್ನು ಅಲ್ಲಗಳೆದಿದ್ದಾರೆ. ದಿ ಹೂ ತಂಡದ್ದು ಇದಕ್ಕೆ ವಿರುದ್ಧವಾದ ಧೋರಣೆ. 1970ರ ಫೆಬ್ರುವರಿ 14ರಂದು ಲೀಡ್ಸ್ ವಿಶ್ವವಿದ್ಯಾನಿಲಯದ ಭೋಜನಶಾಲೆಯಲ್ಲಿ ಮುದ್ರಿಸಿದ ‘ಲೈವ್ ಅಟ್ ಲೀಡ್ಸ್’ನ ಹೊದಿಕೆಯನ್ನು ಕಳ್ಳಮುದ್ರಿಕೆಯಂತೆ ಬಡಕಲಾಗಿ ರೂಪಿಸಿ, ಕೇಳಿಬರುವ ಚಟಪಟ ಸದ್ದನ್ನು ತಿದ್ದಬಾರದೆಂದು ತಟ್ಟೆಯ ಲೇಬಲಿನ ಮೇಲೆಯೇ ಬರೆದಿದ್ದರು. ದೋಷವೇ ಪ್ರಾಮಾಣಿಕತೆಯ ಮುದ್ರೆಯಾದ ಬಗೆ ಇದು. ಅದರಲ್ಲಿಯೂ ದೀರ್ಘವಾದ ಕಛೇರಿಯಿಂದ ಆಯ್ದುಕೊಂಡದ್ದು ಆರೇ ಹಾಡುಗಳೆಂಬುದನ್ನು ಮರೆಯಬಾರದು.

ಮುದ್ರಿಕೆಯ ಅಧಿಪತ್ಯವನ್ನೇ ಅಲ್ಲಗಳೆದವರು ಕ್ಯಾಲಿಫೋರ್ನಿಯಾದ ಗ್ರೇಟ್‌ಫುಲ್ ಡೆಡ್ ತಂಡದವರು ಮತ್ತು ಅವರ ರಸಿಕರು. 1965ರಿಂದ 1995ರವರೆಗೆ ಸುಮಾರು 2,300 ಕಛೇರಿಗಳನ್ನು ನಡೆಸಿದ ಈ ತಂಡದ ‘ಡಾರ್ಕ್ ಸ್ಟಾರ್’ 1968ರಲ್ಲಿ ಮೂರು ನಿಮಿಷಕ್ಕೂ ಕಡಮೆಯ ಚಿಕ್ಕ ತಟ್ಟೆಯಾಗಿ ಬಂದು ಯಾರ ಗಮನವನ್ನೂ ಸೆಳೆಯದೆ ಹೋಯಿತು. ಮರುವರ್ಷದ ‘ಲೈವ್/ಡೆಡ್’ ಮುದ್ರಿಕೆಯಲ್ಲಿ ಅದೇ ಹಾಡು ಇಪ್ಪತ್ತಮೂರು ನಿಮಿಷ ಹರಿಯಿತು. ರಾಗವಿಸ್ತಾರದ ಅಭ್ಯಾಸವಿರುವ ನಮ್ಮ ಕಿವಿಗೆ ಇದು ತಕ್ಷಣ ಒಪ್ಪಿಗೆಯಾಗುವ ಮಾತು. ಪ್ರತಿ ರಾತ್ರಿ ಹಾಡುಗಳ ಕ್ರಮವೂ ವಿಸ್ತಾರವೂ ಬದಲಾಗುತ್ತಿದ್ದುದರಿಂದ ಪ್ರತಿ ಕಛೇರಿಯನ್ನೂ ಮುದ್ರಿಸಿಕೊಳ್ಳುವ ಅಭಿಮಾನಿಗಳ ಗುಂಪು ಹುಟ್ಟಿತು. ತಂಡ ಅವರನ್ನು ಓಡಿಸಲಿಲ್ಲ. 1984ರಲ್ಲಿ ಅವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಸ್ಥಳವನ್ನು ಗೊತ್ತುಮಾಡಿತು. ಟೇಪುಗಳನ್ನು ಮಾರಬಾರದು, ವಿನಿಮಯ ಮಾಡಿಕೊಳ್ಳಬಹುದು ಎಂಬುದು ಒಪ್ಪಂದ.

ಈ ಸಂಗ್ರಾಹಕರ ಶಿಸ್ತು ಬೆರಗು ಹುಟ್ಟಿಸುತ್ತದೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾದಂತೆಲ್ಲ ಹಿಸ್ಸೆನ್ನುವ ಸದ್ದು ಹೆಚ್ಚಿ, ಮೇಲುಸ್ವರಗಳು ಮಸುಕಾಗುತ್ತವೆ. ಆದ್ದರಿಂದ ಪ್ರತಿಯೊಂದು ಕ್ಯಾಸೆಟ್ಟಿನ ಹೊದಿಕೆಯ ಮೇಲೆ ದಿನಾಂಕ, ಸ್ಥಳ, ಹಾಡುಗಳ ಅನುಕ್ರಮಗಳ ಜೊತೆಗೆ ಮುದ್ರಣ ಸಭಿಕರ ನಡುವಿನ ಮೈಕಿನಿಂದಲೋ ಧ್ವನಿನಿಯಂತ್ರಕ ಫಲಕದಿಂದಲೋ, ಮೂಲದಿಂದ ಎಷ್ಟನೆಯ ತಲೆಮಾರಿನ ನಕಲು ಎಂಬುದನ್ನೂ ಬರೆಯುತ್ತಿದ್ದರು. ಹಸ್ತಪ್ರತಿಗಳ ವಂಶವೃಕ್ಷವನ್ನು ರಚಿಸುವ ವಿದ್ವಾಂಸ ಹೇಳುವುದೂ ಇದನ್ನೇ. ನಮ್ಮ ಲಿಪಿಕಾರರು ಇಷ್ಟು ವಿವರವನ್ನು ಬರೆದಿಟ್ಟಿದ್ದರೆ ಸಂಪಾದಕರ ಎಷ್ಟು ಶ್ರಮ ಉಳಿಯುತ್ತಿತ್ತೋ! 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾನಿಲಯದ ಬಾರ್ಟನ್ ಹಾಲಿನಲ್ಲಿ ನಡೆದ ಕಛೇರಿಯನ್ನು ತಂಡದ ಧ್ವನಿತಂತ್ರಜ್ಞೆ ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್ ಮುದ್ರಿಸಿದ್ದರು. ಮಳಿಗೆಯಲ್ಲಿರಿಸಿದ್ದ ಆಕೆಯ ಟೇಪುಗಳು 1986ರಲ್ಲಿ ಹರಾಜಾಗಿ ಅಭಿಮಾನಿಗಳ ಕೈಸೇರಿದವು. ಆ ಕಛೇರಿ ಅಧಿಕೃತ ಮುದ್ರಿಕೆಯಾಗಿ ಹೊರಬಂದುದು 2017ರಲ್ಲಿ. ಆದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸು ತನ್ನ ರಾಷ್ಟ್ರೀಯ ಧ್ವನಿಮುದ್ರಣ ನೋಂದಣಿಗೆ ಅದನ್ನು 2011ರ ಸಾಲಿನಲ್ಲಿಯೇ ಆರಿಸಿಕೊಂಡಿತ್ತು. ಪ್ರಕಟವಾಗುವ ಮೊದಲೇ ರಸಿಕರ ಕೈಬರಹದ ಪಟ್ಟಿಗಳ ಬಲದಿಂದ ಒಂದು ರಾತ್ರಿಯ ಸಂಗೀತ ರಾಷ್ಟ್ರದ ದಾಖಲೆಯಾಯಿತು. ತಂಡದ ಸಂಗ್ರಹಪಾಲಕರಾಗಿದ್ದ ಡಿಕ್ ಲಾಟ್ವಾಲ ಸ್ವತಃ ಟೇಪು ಕೂಡಿಹಾಕುತ್ತಿದ್ದ ಅಭಿಮಾನಿಯಾಗಿದ್ದವರು. 1993ರಿಂದ ಅವರ ಹೆಸರಿನ ಮಾಲೆಯಲ್ಲಿ ಹಳೆಯ ಕಛೇರಿಗಳು ಪ್ರಕಟಗೊಂಡವು. 2008ರಲ್ಲಿ ತಂಡದ ಕಾಗದಪತ್ರಗಳು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಾಂಟಾ ಕ್ರೂಜ್ ಗ್ರಂಥಾಲಯಕ್ಕೆ ಸೇರಿದವು. ಗ್ರಂಥಾಲಯಗಳು ಗಮನಿಸಬೇಕಾದ ಅಂಶವೊಂದಿದೆ. ಶೀರ್ಷಿಕೆ, ಕರ್ತೃ, ಪ್ರಕಟಣೆಯ ವರ್ಷ ಎಂಬ ಸೂಚೀಕರಣದ ಕ್ರಮ ಇಂತಹ ಸಾಮಗ್ರಿಗೆ ಸಾಲದು; ದಿನಾಂಕ, ಸ್ಥಳ, ನಕಲಿನ ವಂಶಾವಳಿಗಳನ್ನೂ ದಾಖಲಿಸದಿದ್ದರೆ ಒಂದು ಟೇಪಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೇ ಕಾಣದಾಗುತ್ತದೆ. ಕಾಂತೀಯ ಟೇಪು ಸವೆಯುವ ವಸ್ತುವಾದ್ದರಿಂದ ಈ ಕೆಲಸಕ್ಕೆ ಅವಧಿಯೂ ಹೆಚ್ಚಿಲ್ಲ.

ಇನ್ನು ವಯಸ್ಸಿನ ಪ್ರಶ್ನೆ. ಮುದ್ರಿಕೆಯಲ್ಲಿರುವ ಕಂಠಕ್ಕೆ ವಯಸ್ಸಾಗುವುದಿಲ್ಲ, ಕಲಾವಿದನಿಗೆ ಆಗುತ್ತದೆ. 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದಾಗ ಮಿಕ್ ಜ್ಯಾಗರ್ ಅರುವತ್ತರ ಅಂಚಿನಲ್ಲಿದ್ದರು; ಅಲ್ಲಿ ನೆರೆದವರಲ್ಲಿ ಬಹುಮಂದಿಗೆ ಆ ಹಾಡುಗಳ ಪರಿಚಯವಿದ್ದುದು ದಶಕಗಳ ಹಿಂದಿನ ಮುದ್ರಿಕೆ, ಕ್ಯಾಸೆಟ್ಟುಗಳಿಂದಲೇ. ಇದೇ ತಂಡದ 1969ರ ‘ಗಿಮ್ಮಿ ಶೆಲ್ಟರ್’ ಹಾಡಿನಲ್ಲಿ ಮೆರಿ ಕ್ಲೇಟನ್ ಅವರ ಕಂಠ ಮೇಲುಸ್ಥಾಯಿಯಲ್ಲಿ ಬಿರಿಯುವ ಒಂದು ಕ್ಷಣವಿದೆ. ಆಕಸ್ಮಿಕವಾಗಿ ಸಂಭವಿಸಿದ ಆ ಬಿರುಕನ್ನು ಮುದ್ರಿಕೆ ಶಾಶ್ವತಗೊಳಿಸಿತು. 1989ರಿಂದ 2015ರವರೆಗೆ ಪ್ರವಾಸಗಳಲ್ಲಿ ಆ ಭಾಗವನ್ನು ಹಾಡಿದ ಲೀಸಾ ಫಿಶರ್ ಅದನ್ನು ನಕಲು ಮಾಡದೆ ತಮ್ಮದೇ ವಿಸ್ತಾರವನ್ನು ಕಟ್ಟಿಕೊಂಡರು. ಇಬ್ಬರಲ್ಲಿ ಯಾರು ಮೇಲೆಂಬ ರಸಿಕರ ವಾದ ಅನವಶ್ಯಕವೆಂದೇ ಈ ಲೇಖಕನ ಅಭಿಪ್ರಾಯ. ಒಡೆದ ಸ್ವರವನ್ನು ಬೇಕೆಂದು ಮತ್ತೆ ಒಡೆಯುವುದು ಗಾಯನವಾಗದು, ಅಣಕವಾಗುತ್ತದೆ.

ಹಾಗೆಂದು ಹೋಲಿಕೆಯೇ ವ್ಯರ್ಥವೆನ್ನುವಂತಿಲ್ಲ. ಇಯಾನ್ ಗಿಲನ್ 25 ತುಂಬುವ ಮೊದಲು ಮುದ್ರಿಸಿದ ‘ಚೈಲ್ಡ್ ಇನ್ ಟೈಮ್’ನ ಚೀತ್ಕಾರಗಳು ಕಂಠಕ್ಕೆ ಎಟುಕದಾದಾಗ ಆ ಹಾಡನ್ನೇ ಡೀಪ್ ಪರ್ಪಲ್ ಕಛೇರಿಗಳಿಂದ ಬಿಟ್ಟರು. ಶ್ರುತಿಯನ್ನು ತಗ್ಗಿಸಿ ಹಾಡುವ, ಮೇಲುಸ್ವರಗಳನ್ನು ಸಭಿಕರ ಬಾಯಿಗೆ ಒಪ್ಪಿಸಿಬಿಡುವ ಇತರರ ಮಾರ್ಗಗಳಿಗಿಂತ ಇದು ಹೆಚ್ಚು ಗೌರವದ್ದು. ಆ ತಂಡದಲ್ಲಿ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ 1993ರಲ್ಲಿ ಹೊರನಡೆದರು. ಆರ್ಗನ್ ವಾದಕ ಜಾನ್ ಲಾರ್ಡ್ 2002ರಲ್ಲಿ ನಿವೃತ್ತರಾಗಿ 2012ರಲ್ಲಿ ತೀರಿಕೊಂಡರು. 1968ರಿಂದ ಎಲ್ಲ ಅವಸ್ಥಾಂತರಗಳಲ್ಲಿಯೂ ಉಳಿದವರು ಡ್ರಮ್ಸ್ ವಾದಕ ಇಯಾನ್ ಪೇಸ್ ಒಬ್ಬರೇ. ಬ್ಲ್ಯಾಕ್‌ಮೋರ್ ಬಳಿಕ ಸ್ಟೀವ್ ಮೋರ್ಸ್, 2022ರಿಂದ ಸೈಮನ್ ಮೆಕ್‌ಬ್ರೈಡ್ ಆ ಸ್ಥಾನದಲ್ಲಿ ನಿಂತು ‘ಸ್ಮೋಕ್ ಆನ್ ದ ವಾಟರ್’ ನುಡಿಸಿದ್ದಾರೆ. ಅವರ ವಾದನವನ್ನು 1971ರ ಮಾಂಟ್ರೋ ಪಾಠಕ್ಕೆ ಹೋಲಿಸಬೇಕೋ 1972ರ ಒಸಾಕಾ ಪಾಠಕ್ಕೋ ಎಂಬುದರಲ್ಲಿ ರಸಿಕರು ಇನ್ನೂ ಒಮ್ಮತಕ್ಕೆ ಬಂದಿಲ್ಲ.