ಒಂದೇ ಸಂವಿಧಾನ, ಎರಡು ಪಕ್ಷ

1787ರಲ್ಲಿ ಫಿಲಡೆಲ್ಫಿಯ ನಗರದಲ್ಲಿ ನೆರೆದು ಅಮೆರಿಕ ಸಂಯುಕ್ತ ಸಂಸ್ಥಾನಗಳ ಸಂವಿಧಾನವನ್ನು ರಚಿಸಿದ ಮಹನೀಯರು, ಅಧ್ಯಕ್ಷ, ಶಾಸನಸಭೆ, ನ್ಯಾಯಾಲಯ ಈ ಮೂರಕ್ಕೂ ಬೇರೆಬೇರೆ ಅಧಿಕಾರಗಳನ್ನು ಹಂಚಿಕೊಟ್ಟರಾದರೂ, ರಾಜಕೀಯ ಪಕ್ಷಗಳ ವಿಷಯವಾಗಿ ಅದರಲ್ಲಿ ಒಂದು ಮಾತನ್ನೂ ಬರೆಯಲಿಲ್ಲ. ಪಕ್ಷವೆಂಬುದು ರಾಷ್ಟ್ರದ ಐಕ್ಯವನ್ನು ಕೆಡಿಸತಕ್ಕ ವ್ಯಾಧಿಯೆಂದು ಅವರಲ್ಲಿ ಅನೇಕರು ಭಾವಿಸಿದ್ದರು. ಪ್ರಥಮ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್ನನು 1796ರ ತನ್ನ ವಿದಾಯಪತ್ರದಲ್ಲಿ ಪಕ್ಷದ್ವೇಷದ ಅಪಾಯವನ್ನು ಜನರಿಗೆ ಒತ್ತಿ ಹೇಳಿದನು. ಆದರೆ ಆ ವೇಳೆಗೆ, ಅವನ ಮಂತ್ರಿಮಂಡಲದೊಳಗೇ ತಲೆಯೆತ್ತಿದ ಭಿನ್ನಾಭಿಪ್ರಾಯದಿಂದ ಎರಡು ಪಕ್ಷಗಳು ಮೊಳೆತು ಬೇರೂರಿದ್ದುವು.

ಆ ಭಿನ್ನಾಭಿಪ್ರಾಯದ ಸ್ವರೂಪವು ಸ್ಪಷ್ಟವಾದುದು 1791ರಲ್ಲಿ. ಹಣಕಾಸಿನ ಮಂತ್ರಿಯಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ನನು ರಾಷ್ಟ್ರಕ್ಕೊಂದು ಬ್ಯಾಂಕು ಬೇಕೆಂದನು. ಸಂವಿಧಾನದಲ್ಲಿ ಬ್ಯಾಂಕಿನ ಹೆಸರೇ ಇಲ್ಲ; ಕೇಂದ್ರಕ್ಕೆ ವಿಹಿತವಾಗಿ ಕೊಡದ ಅಧಿಕಾರವೆಲ್ಲ ಸಂಸ್ಥಾನಗಳಿಗೆ, ಇಲ್ಲವೆ ಪ್ರಜೆಗಳಿಗೆ ಸೇರಿದುದು ಎಂದು ವಿದೇಶಾಂಗ ಮಂತ್ರಿಯಾದ ಥಾಮಸ್ ಜೆಫರ್ಸನ್ನನು ಆಕ್ಷೇಪಿಸಿದನು. ತೆರಿಗೆಯೆತ್ತುವುದು, ಸಾಲ ತರುವುದು ಮೊದಲಾದ ಕಾರ್ಯಗಳನ್ನು ಸಂವಿಧಾನವು ಒಪ್ಪಿಸಿರುವಾಗ, ಅವುಗಳಿಗೆ ಉಚಿತವಾದ ಸಾಧನವನ್ನೂ ಅದರಲ್ಲಿಯೇ ಒಪ್ಪಿಸಿದಂತಾಯಿತೆಂಬುದು ಹ್ಯಾಮಿಲ್ಟನ್ನನ ಉತ್ತರ. ವಾಷಿಂಗ್ಟನ್ನನು ಮಸೂದೆಗೆ ಸಹಿಮಾಡಿದನು.

ಇಬ್ಬರೂ ಸ್ವಾತಂತ್ರ್ಯದ ಭಕ್ತರೇ. ಅವರನ್ನು ಬೇರ್ಪಡಿಸಿದುದು ಅವರವರ ಭಯ. ಕೇಂದ್ರವು ದುರ್ಬಲವಾದರೆ ವಾಣಿಜ್ಯ ಸೊರಗಿ, ರಾಷ್ಟ್ರವು ಒಡೆದು, ಸ್ವಾತಂತ್ರ್ಯವು ಅರಾಜಕತೆಯಲ್ಲಿ ಮುಗಿದೀತೆಂದು ಹ್ಯಾಮಿಲ್ಟನ್ನನು ಅಂಜಿದನು. ದೂರದ ರಾಜಧಾನಿಯಲ್ಲಿ ಅಧಿಕಾರವೂ ಧನವೂ ಒಂದುಗೂಡಿದರೆ, ತನ್ನ ಹೊಲವನ್ನು ತಾನೇ ಉತ್ತು ಬಾಳುವ ರೈತನ ಸ್ವಾವಲಂಬನವು ಅಳಿದೀತೆಂದು ಜೆಫರ್ಸನ್ನನು ಅಂಜಿದನು. ಎರಡು ಭಯಗಳಿಗೂ ಆಧಾರವುಂಟು. ಆದರೆ ತತ್ತ್ವವೆಂಬುದು ಯಾರ ಕೈಯಲ್ಲಿ ಯಾವ ಕಾರ್ಯಕ್ಕೆ ಒದಗುವುದೆಂಬುದನ್ನೂ ನಾವು ವಿಚಾರಿಸಬೇಕು: ಸಂಸ್ಥಾನಗಳ ಹಕ್ಕೆಂಬ ವಾದವನ್ನೇ ಮುಂದೆ ದಕ್ಷಿಣದ ಒಡೆಯರು ಗುಲಾಮಗಿರಿಯ ರಕ್ಷಣೆಗೆ ಗುರಾಣಿಯಾಗಿ ಹಿಡಿದರು, ಮಾನವಸಮತ್ವವನ್ನು ಸಾರಿದ ಜೆಫರ್ಸನ್ನನೂ ಗುಲಾಮರ ಒಡೆಯನೇ ಆಗಿದ್ದನು.

ಕಾಲಕ್ರಮದಲ್ಲಿ ಹೊಸ ಪಕ್ಷಗಳು ಬಂದು, ಈ ವಾದದಲ್ಲಿ ತಮ್ಮ ಸ್ಥಾನವನ್ನೂ ಬದಲಾಯಿಸಿದುವು. ಗುಲಾಮಗಿರಿಯ ವಿಸ್ತರಣೆಯನ್ನು ತಡೆಯಲು 1854ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷವು, ಅಧ್ಯಕ್ಷ ಲಿಂಕನ್ನನ ನಾಯಕತ್ವದಲ್ಲಿ ಕೇಂದ್ರದ ಬಲವನ್ನೇ ನೆಮ್ಮಿ ರಾಷ್ಟ್ರವನ್ನು ಒಡೆಯದಂತೆ ಉಳಿಸಿತು. ಜೆಫರ್ಸನ್ನನನ್ನು ಮೂಲಪುರುಷನೆಂದು ಗೌರವಿಸುತ್ತಿದ್ದ ಡೆಮಾಕ್ರಟಿಕ್ ಪಕ್ಷವು, ಆರ್ಥಿಕ ಮುಗ್ಗಟ್ಟಿನಿಂದ ಕೋಟ್ಯಂತರ ಜನ ಕೆಲಸವಿಲ್ಲದೆ ಕಂಗೆಟ್ಟಿದ್ದಾಗ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟನ ಕಾಲದಲ್ಲಿ ಹ್ಯಾಮಿಲ್ಟನ್ನನ ಸಾಧನವಾದ ಬಲಿಷ್ಠ ಕೇಂದ್ರವನ್ನೇ ಕೈಗೊಂಡು, 1935ರಲ್ಲಿ ವೃದ್ಧರಿಗೂ ನಿರುದ್ಯೋಗಿಗಳಿಗೂ ನೆರವಾಗುವ ಸಾಮಾಜಿಕ ಭದ್ರತೆಯ ಶಾಸನವನ್ನು ತಂದಿತು. ಹಸಿವಿಗೆ ಸಿಕ್ಕಿದವನು ಸ್ವತಂತ್ರನಲ್ಲ ಎಂಬುದು ಆ ಪಕ್ಷದ ನಿಲುವಾಯಿತು. ಸರ್ಕಾರವು ಬೆಳೆದಷ್ಟೂ ವ್ಯಕ್ತಿಯ ಉದ್ಯಮಶೀಲತೆ ಕುಗ್ಗುವುದೆಂಬ ನಿಲುವು ಕ್ರಮೇಣ ರಿಪಬ್ಲಿಕನ್ನರದಾಗಿ, 1981ರಲ್ಲಿ ರೊನಾಲ್ಡ್ ರೇಗನ್ನನು ಅಧ್ಯಕ್ಷನಾದಾಗ ಆಳ್ವಿಕೆಯ ನೀತಿಯಾಯಿತು. ಆದರೂ ಯಾವ ಪಕ್ಷವೂ ತನ್ನ ತತ್ತ್ವಕ್ಕೆ ಸಂಪೂರ್ಣವಾಗಿ ಬದ್ಧವಲ್ಲ: ಸಣ್ಣ ಸರ್ಕಾರವನ್ನು ಬಯಸುವ ರಿಪಬ್ಲಿಕನ್ನರು ಬಲಿಷ್ಠ ಸೈನ್ಯವನ್ನು ಬಯಸುವರು, ಆರ್ಥಿಕ ವಿಷಯಗಳಲ್ಲಿ ಸರ್ಕಾರವನ್ನು ಕರೆಯುವ ಡೆಮಾಕ್ರಟರು ಗರ್ಭಪಾತದಂತಹ ವಿಷಯದಲ್ಲಿ ಅದು ದೂರವಿರಲೆನ್ನುವರು.

ಆದಕಾರಣ ಅಮೆರಿಕದ ಪಕ್ಷಗಳನ್ನು ಅರಿಯಬಯಸುವ ವಾಚಕನು ಹೆಸರನ್ನೂ ವಂಶಾವಳಿಯನ್ನೂ ನೆಚ್ಚದೆ, ಈ ಪಕ್ಷವು ಈ ಕಾಲದಲ್ಲಿ ಯಾರ ಅಧಿಕಾರಕ್ಕೆ ಅಂಜುತ್ತಿದೆ, ಯಾರ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದೆ, ಯಾರನ್ನು ಮರೆತಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು.