ತಂಬಿಗೆ ಬೆಳಗುವ ಹುಣಸೆಹುಳಿ

ಹಬ್ಬದ ಹಿಂದಿನ ದಿನ ಅಟ್ಟದಿಂದಿಳಿದ ತಾಮ್ರದ ತಂಬಿಗೆ ಕಪ್ಪಿಟ್ಟಿರುತ್ತದೆ. ಅಜ್ಜಿ ಹುಣಸೆಹಣ್ಣಿಗೆ ಚಿಟಿಕೆ ಉಪ್ಪು ಸೇರಿಸಿ ತಿಕ್ಕಿದರೆ ಸಾಕು, ಫಳಫಳ ಹೊಳೆಯುತ್ತದೆ. ‘ಸಾರ್, ಹುಳಿ ಕಪ್ಪನ್ನು ಮಾತ್ರ ತಿಂದು ತಾಮ್ರವನ್ನೇಕೆ ಬಿಡುತ್ತದೆ?’ ಎಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಕೇಳಿದಳು. ಪಾತ್ರೆ ತಿಕ್ಕಿದವರಿಗಷ್ಟೇ ಹೊಳೆಯುವ ಪ್ರಶ್ನೆ ಅದು!

ತಾಮ್ರವು ಗಾಳಿಯ ಆಮ್ಲಜನಕದೊಡನೆ ಸೇರಿ ಆಕ್ಸೈಡ್ ಆಗುತ್ತದೆ. ಆ ಕಪ್ಪು ಪದರ ಇದೇ. ಹುಣಸೆಯಲ್ಲಿರುವುದು ಟಾರ್ಟಾರಿಕ್ ಎಂಬ ಸಾವಯವ ಆಮ್ಲ. ಸ್ವೀಡನ್ನಿನ ಷೀಲೆ ಇದನ್ನು 1769ರಲ್ಲಿ, ನಿಂಬೆಯ ಸಿಟ್ರಿಕ್ ಆಮ್ಲವನ್ನು 1784ರಲ್ಲಿ ಬೇರ್ಪಡಿಸಿದ. ಆಮ್ಲದ ಜಲಜನಕ ಅಯಾನುಗಳು ಆಕ್ಸೈಡಿನ ಆಮ್ಲಜನಕದೊಡನೆ ಕೂಡಿ ನೀರಾಗುತ್ತವೆ. ಒಂಟಿಯಾದ ತಾಮ್ರದ ಅಯಾನನ್ನು ಆಮ್ಲದ ಉಳಿದ ಭಾಗವಾದ ಟಾರ್ಟರೇಟ್ ಇಕ್ಕಳದಂತೆ ಹಿಡಿದು ನೀರಿಗೆಳೆಯುತ್ತದೆ. ಆಮ್ಲ ದುರ್ಬಲವಾದರೂ ಕೆಲಸ ಸಾಗುವುದು ಹೀಗೆ. ಉಪ್ಪಿನ ಕ್ಲೋರೈಡ್ ಕೂಡ ಕೈಜೋಡಿಸುತ್ತದೆ.

ಲೋಹದ ಕಥೆ ಬೇರೆ. ಕ್ರಿಯಾಶೀಲತೆಯ ಶ್ರೇಣಿಯಲ್ಲಿ ತಾಮ್ರವು ಜಲಜನಕಕ್ಕಿಂತ ಕೆಳಗಿದೆ. ಆಮ್ಲದಿಂದ ಜಲಜನಕವನ್ನು ಹೊರದೂಡಲಾರದು. ಕಬ್ಬಿಣ ಮೇಲಿದೆ. ಆದ್ದರಿಂದ ತುಕ್ಕು ಹಿಡಿದ ಮೊಳೆಯನ್ನು ಬಹುಕಾಲ ನಿಂಬೆರಸದಲ್ಲಿಟ್ಟರೆ ತುಕ್ಕಿನ ಜೊತೆ ಕಬ್ಬಿಣವೂ ಕರಗುತ್ತದೆ.

ಹಾಗಾದರೆ ತಾಮ್ರದ ಪಾತ್ರೆಯಲ್ಲಿ ಹುಳಿ ಪದಾರ್ಥ ಇಡಬಹುದೇ? ಕೂಡದು. ಗಾಳಿ ತಾಗುವವರೆಗೆ ಹೊಸ ಆಕ್ಸೈಡ್ ಹುಟ್ಟುತ್ತಲೇ ಇರುತ್ತದೆ. ಹುಳಿ ಅದನ್ನು ಕರಗಿಸುತ್ತಲೇ ಇರುತ್ತದೆ. ನನ್ನ ಬಾಲ್ಯದಲ್ಲಿ ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ರಾತ್ರಿಯಿಡೀ ಇದ್ದ ಸಾರನ್ನು ಉಂಡು ಮನೆಮಂದಿಯೆಲ್ಲ ವಾಂತಿ ಮಾಡಿಕೊಂಡೆವು. ‘ಕಿಲುಬು ಹತ್ತಿದೆ’ ಎಂದು ಅಮ್ಮ ಉಳಿದದ್ದನ್ನು ಚೆಲ್ಲಿದಳು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ ತಾನೇ? ಕಾದ ಪಾತ್ರೆಗೆ ನವಸಾಗರ ಹಾಕಿ ಒಳಗೆ ತವರ ಬಳಿಯುವುದೇ ಕಲಾಯಿ. ಹುಳಿಗೂ ತಾಮ್ರಕ್ಕೂ ನಡುವೆ ಅದೊಂದು ಗೋಡೆ.

ಈಗ ಮನೆಮನೆಯಲ್ಲೂ ತಾಮ್ರದ ಬಾಟಲಿಗಳಿವೆ. ನೀರೇನೋ ಸರಿ, ಆದರೆ ನಿಂಬೆರಸ, ಮಜ್ಜಿಗೆ ತುಂಬಿ ಮಕ್ಕಳನ್ನು ಶಾಲೆಗೆ ಕಳಿಸಬೇಡಿ. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 2 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ವಿದ್ಯಾರ್ಥಿಗಳೇ, ನೀವೇ ಮಾಡಿ ನೋಡಿ. ಕಪ್ಪಾದ ತಾಮ್ರದ ತಂತಿಯ ಅರ್ಧಭಾಗವನ್ನು ಉಪ್ಪು ಬೆರೆಸಿದ ನಿಂಬೆರಸದಲ್ಲಿ ಹತ್ತು ನಿಮಿಷ ಅದ್ದಿಡಿ. ಮುಳುಗಿದ ಭಾಗ ಹೊಸ ತಾಮ್ರದಂತೆ ಕೆಂಪಾಗುತ್ತದೆ. ಹೋದ ಕಪ್ಪು ಎಲ್ಲಿದೆ? ಲೋಟದ ರಸದಲ್ಲೇ ಇದೆ. ಕಣ್ಣಿಗೆ ಕಾಣದು, ಅಷ್ಟೆ. ಆ ರಸವನ್ನು ರುಚಿ ನೋಡದೆ ಚೆಲ್ಲಿಬಿಡಿ.