ಹಗ್ಗ ಎಳೆದರೆ ಕಾರ್ಖಾನೆ ನಿಲ್ಲುತ್ತದೆ

'ಆಂಡೋನ್' ಎಂದರೆ ಜಪಾನಿನಲ್ಲಿ ಕಾಗದ ಹೊದಿಸಿದ ಹಳೆಯ ಕಾಲದ ದೀಪ. ಟೊಯೋಟಾ ಕಾರು ಕಾರ್ಖಾನೆಗಳಲ್ಲಿ ಈ ಹೆಸರು ಒಂದು ಸೂಚನಾ ಫಲಕಕ್ಕೆ ಬಂದಿದೆ. ಕಾರುಗಳು ಸಾಲಾಗಿ ಸಾಗುವ ಜಾಗದಲ್ಲಿ ತೂಗುಬಿಟ್ಟ ಹಗ್ಗವನ್ನು ಎಳೆದರೆ ಫಲಕದಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಎಳೆಯುವ ಅಧಿಕಾರ ಇರುವುದು ಬೋಲ್ಟು ಬಿಗಿಯುವ ಕಾರ್ಮಿಕನಿಗೇ. ಮ್ಯಾನೇಜರನ ಅಪ್ಪಣೆ ಬೇಕಿಲ್ಲ.

ಇದರ ಬೇರು ಇರುವುದು ಕಾರಿನಲ್ಲಲ್ಲ, ಮಗ್ಗದಲ್ಲಿ. ಬಡಗಿಯ ಮಗನಾದ ಸಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಮಗ್ಗ, ಎಳೆ ತುಂಡಾದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. ತುಂಡಾದ ಒಂದು ಎಳೆ ಎಷ್ಟು ಬಟ್ಟೆ ಕೆಡಿಸುತ್ತದೆಂದು ದೊಡ್ಡಬಳ್ಳಾಪುರದ ನೇಕಾರರನ್ನು ಕೇಳಿದರೆ ಸಾಕು. ಮಗ ಕೀಚಿರೊ 1937ರಲ್ಲಿ ಮೋಟಾರು ಕಂಪೆನಿ ಕಟ್ಟಿದ. ತಪ್ಪು ಕಂಡಲ್ಲೇ ನಿಲ್ಲಿಸುವ ತತ್ವ ಅಲ್ಲಿಗೂ ಬಂತು.

ಹಗ್ಗ ಎಳೆದೊಡನೆ ಎಲ್ಲವೂ ನಿಂತುಬಿಡುವುದಿಲ್ಲ. ತಂಡದ ಮುಖಂಡ ಓಡಿಬರುತ್ತಾನೆ. ಕಾರು ನಿಗದಿತ ಗೆರೆ ದಾಟುವುದರೊಳಗೆ ದೋಷ ಸರಿಹೋದರೆ ಸಾಲು ಮುಂದುವರಿಯುತ್ತದೆ, ಇಲ್ಲವಾದರೆ ಮಾತ್ರ ನಿಲ್ಲುತ್ತದೆ. ಎಳೆದವನನ್ನು ಗದರಿಸುವಂತಿಲ್ಲ. ಒಮ್ಮೆ ಗದರಿಸಿದರೆ ಮತ್ತೆ ಯಾರು ತಾನೇ ಎಳೆದಾರು?

ಇದು ಜಪಾನೀಯರ ಶಿಸ್ತಿಗೆ ಮಾತ್ರ ಒಗ್ಗುವ ಪದ್ಧತಿ ಎನ್ನುವವರಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಉತ್ತರ ಹೇಳಿತು. ಅಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ ಗೈರುಹಾಜರಿ, ಕುಡಿತ, ಮುಷ್ಕರಗಳಿಗೆ ಕುಖ್ಯಾತವಾಗಿತ್ತು. ಏನೇ ಆದರೂ ಸಾಲು ನಿಲ್ಲಬಾರದೆಂಬುದು ಅಲ್ಲಿನ ನಿಯಮ. ದೋಷವಿದ್ದ ಕಾರುಗಳನ್ನು ಕೊನೆಯಲ್ಲಿ ಬಿಚ್ಚಿ ರಿಪೇರಿ ಮಾಡುತ್ತಿದ್ದರು. 1982ರಲ್ಲಿ ಅದು ಮುಚ್ಚಿತು. 1984ರಲ್ಲಿ ಟೊಯೋಟಾ ಜತೆಗೂಡಿ ಮತ್ತೆ ತೆರೆದಾಗ ಬಂದವರು ಬಹುಪಾಲು ಅದೇ ಹಳೆಯ ಕೆಲಸಗಾರರು, ಇದ್ದದ್ದು ಅದೇ ಯೂನಿಯನ್. ಹಲವರಿಗೆ ಜಪಾನಿನಲ್ಲಿ ತರಬೇತಿ ಕೊಡಿಸಿ, ಕೈಗೆ ಹಗ್ಗ ಕೊಟ್ಟರು. ಗೈರುಹಾಜರಿ ಇಳಿಯಿತು, ಗುಣಮಟ್ಟ ಏರಿತು. 2010ರವರೆಗೂ ಆ ಜಂಟಿ ಉದ್ಯಮ ನಡೆಯಿತು.

ಹಾಗೆಂದು ಹಗ್ಗದಿಂದ ಎಲ್ಲ ಮಾತೂ ಮೇಲಕ್ಕೆ ತಲುಪುತ್ತದೆನ್ನಲಾಗದು. 1999ರಿಂದ ಕಾರು ತಯಾರಿಸುತ್ತಿರುವ ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 2014ರಲ್ಲಿ ಸಂಬಳದ ವಿವಾದದಿಂದ, 2020ರಲ್ಲಿ ಕಾರ್ಮಿಕರ ಅಮಾನತು, ಕೆಲಸದ ಹೊರೆಯ ದೂರುಗಳ ನಡುವೆ ಲಾಕೌಟ್ ಕಂಡಿತು.

ಇನ್ನು ಗ್ರಾಹಕರ ಕೈಯಲ್ಲಂತೂ ಹಗ್ಗವೇ ಇಲ್ಲ. ಕಾರು ತಾನಾಗಿ ವೇಗ ಪಡೆಯುತ್ತದೆಂದು ಅಮೆರಿಕದಲ್ಲಿ ದೂರುಗಳು ಬರುತ್ತಲೇ ಇದ್ದವು. 2009ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಲೊರೆಸುವ ಮ್ಯಾಟು ಪೆಡಲಿಗೆ ಸಿಕ್ಕಿಕೊಂಡ ಕಾರೊಂದು ಅಪಘಾತಕ್ಕೀಡಾಗಿ ನಾಲ್ವರು ಸತ್ತರು. ಲಕ್ಷಾಂತರ ಕಾರುಗಳನ್ನು ವಾಪಸು ಕರೆಸಲಾಯಿತು. ಮರುವರ್ಷ ಅಧ್ಯಕ್ಷ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕ್ಷಮೆ ಕೇಳಿ, ಕಂಪೆನಿ ಅತಿ ವೇಗವಾಗಿ ಬೆಳೆಯಿತೆಂದು ಒಪ್ಪಿಕೊಂಡರು. ಸುರಕ್ಷತೆಯ ವಿಷಯದಲ್ಲಿ ಗ್ರಾಹಕರನ್ನು ದಾರಿತಪ್ಪಿಸಿದ್ದನ್ನು ಒಪ್ಪಿ, 2014ರಲ್ಲಿ ಟೊಯೋಟಾ ತೆತ್ತ ದಂಡ 120 ಕೋಟಿ ಡಾಲರ್.